ಬಾಯೊಳಗಿನ ಮೂರು ಗಂಟು

ಹನ್ನೊಂದು ವರ್ಷದಿಂದ ದಾರದಜ್ಜ ಸ್ಪಿರಿಟ್ಟಿನ ವಾಸನೆ ತುಂಬಿದ ಕಾಲೇಜಿನ ಕೋಣೆಯಲ್ಲಿ ಹಾವಿನ ಸೀಸೆಗಳನ್ನು ಒರೆಸುತ್ತಿದ್ದ. ಅದಕ್ಕೂ ಮೊದಲು ಹಾವು ಹಿಡಿಯುವುದು ಅವನ ಕೆಲಸ. ಅದನ್ನು ಕಿತ್ತುಕೊಂಡು ಕೈಗೆ ಬಟ್ಟೆ ಕೊಟ್ಟವರು ಪ್ರೊಫೆಸರು. ಮಾನ ಇದ್ದವನಾಗಿದ್ದರೆ ಅವತ್ತೇ ಬಿಟ್ಟು ಹೋಗುತ್ತಿದ್ದ ಎಂದು ಕಚೇರಿಯವರು ಆಡಿಕೊಂಡರು. ಅಜ್ಜ ಕೇಳಿಸಿಕೊಂಡ, ಒರೆಸಿದ. ಕೆಳಗಿನ ಹಲಗೆಯ ಮೂಲೆಯಲ್ಲಿದ್ದ ಒಂದು ಸೀಸೆಯನ್ನು ಮಾತ್ರ ದಿನಾ ಒರೆಸುತ್ತಿದ್ದ.

ಊರಾಚೆಯ ದೊಡ್ಡ ಸರೋವರದಲ್ಲಿ ಮೂರು ದ್ವೀಪ. ಮೂರರಲ್ಲೂ ಒಂದೇ ಜಾತಿಯ ನೀರುಹಾವು. ಆದರೆ ಯಾವ ಕಾಲದಲ್ಲೋ ಮನೆ ಬೇರೆಯಾಗಿ ಮುಖ ಮರೆತ ದಾಯಾದಿಗಳ ಹಾಗೆ ಅವು ಬೇರೆ ಬೇರೆ ರೂಪಕ್ಕೆ ತಿರುಗಿದ್ದವು. ಮರದ ದ್ವೀಪದ್ದು ಮಾರುದ್ದ, ಮೈತುಂಬ ಕಪ್ಪು ಪಟ್ಟೆ. ದಡಕ್ಕೆ ಹತ್ತಿರದ ಜೊಂಡಿನ ದ್ವೀಪದ್ದು ಸಣಕಲು. ಕಪ್ಪೆಮರಿ ತಿಂದುಕೊಂಡಿದ್ದ ಅದರ ತಲೆ ಕಿರುಬೆರಳಿನಷ್ಟು. ದೂರದ ಬಂಡೆ ದ್ವೀಪದ್ದಕ್ಕೆ ಪಟ್ಟೆಯೇ ಇಲ್ಲ, ಬಂಡೆಯದೇ ಬೂದು ಬಣ್ಣ. ಗೂಡಿನ ಹಕ್ಕಿಮರಿಗಳನ್ನು ಇಡಿಯಾಗಿ ನುಂಗುವ ಅದರ ತಲೆ ದಪ್ಪ, ದವಡೆ ಅಗಲ.

ಸ್ಪಿರಿಟ್ಟಿಗೆ ಬಿದ್ದ ಮೇಲೆ ಬಣ್ಣ ಉಳಿಯುವುದಿಲ್ಲ. ಸೀಸೆಯ ಮೇಲಿನ ಚೀಟಿ ಓದಲು ಅಜ್ಜನಿಗೆ ಅಕ್ಷರ ಬಾರದು. ಹಾಗಾಗಿ ಸತ್ತ ಹಾವಿನ ಬಾಯಿ ಬಿಡಿಸಿ ಕೆಳದವಡೆಗೆ ದಾರ ಸುತ್ತಿ ಗಂಟು ಹಾಕುತ್ತಿದ್ದ. ಮರದ ದ್ವೀಪಕ್ಕೆ ಒಂದು, ಜೊಂಡಿನದಕ್ಕೆ ಎರಡು, ಬಂಡೆಗೆ ಮೂರು. ಜೊತೆಗೆ ಹೋಗುತ್ತಿದ್ದ ತಮ್ಮನಿಗೂ ಕಲಿಸಿದ್ದ. ತಮ್ಮ ಎಡಚ, ಅವನ ಗಂಟು ತಿರುವುಮುರುವಾಗಿ ಬೀಳುತ್ತಿತ್ತು. ಅಜ್ಜನ ಜೇಬಿನಲ್ಲಿ ಸದಾ ದಾರದುಂಡೆ ಇರುತ್ತಿದ್ದುದರಿಂದ ದಾರದಜ್ಜ ಎಂಬ ಹೆಸರು ಬಿತ್ತು. ದಾರ ಯಾತಕ್ಕೆಂದು ಯಾರೂ ಕೇಳಲಿಲ್ಲ, ಹಾವಿನ ಹೊಟ್ಟೆಯ ಹುರುಪೆಗಳನ್ನು ಎಣಿಸುವುದರಲ್ಲೇ ಮುಳುಗಿದ್ದ ಪ್ರೊಫೆಸರೂ ಕೇಳಲಿಲ್ಲ.

ಒಂದು ವರ್ಷ ಛಾವಣಿ ಸೋರಿ ಚೀಟಿಗಳೆಲ್ಲ ಕರಗಿಹೋದವು. ದ್ವೀಪಗಳಿಗೆ ಒಮ್ಮೆಯೂ ಹೋಗಿರದ ಪ್ರೊಫೆಸರು ಅಂದಾಜಿನ ಮೇಲೆ ಹೊಸ ಚೀಟಿ ಬರೆದರು. ಜೊಂಡಿನದು ಬಂಡೆಯದಾಯಿತು, ಬಂಡೆಯದು ಜೊಂಡಿನದಾಯಿತು. ಬರಿಗಲ್ಲಿನ ಮೇಲೆ ತಿನ್ನಲಿಕ್ಕಿಲ್ಲದೆ ಹಾವಿನ ತಲೆ ಕುಗ್ಗುತ್ತದೆ ಎಂದು ದಪ್ಪ ಪುಸ್ತಕವನ್ನೂ ಬರೆದರು, ಹಾರ ಹಾಕಿಸಿಕೊಂಡರು. ಚಿತ್ರ ನೋಡಿದ ಅಜ್ಜ, "ಸಾರ್, ಇದು ಜೊಂಡಿನ ಹಾವಲ್ವಾ?" ಅಂದ.

"ಹಿಡಿಯೋದು ನಿನ್ನ ಕೆಲಸ. ಗುರುತಿಸೋದು ನಂದು."

ಹಾಗೆ ಅಂದರೂ ಪ್ರೊಫೆಸರ ತಲೆಗೆ ಅನುಮಾನದ ಹುಳ ಹೊಕ್ಕಿತ್ತು. ಮಾರನೆಯ ದಿನ ಅಣ್ಣನಿಗೆ ತಿಳಿಸದೆ ತಮ್ಮನನ್ನು ಕರೆದು, ಬಂಡೆ ದ್ವೀಪದಿಂದ ಒಂದು ಹಾವು ತಾ ಎಂದರು. ಗಾಳಿಯ ತಿಂಗಳು. ವಾರ ಕಳೆದು ಹೋಗ್ತೀನಿ ಎಂದು ತಮ್ಮ ಬೇಡಿಕೊಂಡ. ಇವತ್ತೇ ಆಗಬೇಕು ಎಂದರು. ಅವನು ಹೆಂಡತಿಗೆ ಹೇಳಿ ಹೊರಟ.

ಮೂರನೆಯ ದಿನ ಹೆಣ ಜೊಂಡಿನ ಬಳಿ ತೇಲಿತು. ಸೊಂಟಕ್ಕೆ ಚೀಲ ಬಿಗಿದಿತ್ತು, ಚೀಲದಲ್ಲಿ ದಪ್ಪ ತಲೆಯ ಹಾವು. ಅದನ್ನು ನೋಡಿದೊಡನೆ ಪ್ರೊಫೆಸರಿಗೆ ತಾವು ಬರೆದ ಪುಸ್ತಕ ತಪ್ಪೆಂದು ತಿಳಿಯಿತು. ಸೀಸೆಗೆ ಹಾಕಿ 'ಜೊಂಡಿನ ದ್ವೀಪ' ಎಂದು ಚೀಟಿ ಅಂಟಿಸಿದರು. "ನಾನು ಕಳಿಸಿರಲಿಲ್ಲ. ಅವನೇ ಕುಡಿದು ಜೊಂಡಿಗೆ ಹೋಗಿದಾನೆ" ಎಂದು ಪೊಲೀಸರಿಗೆ ಬರೆದುಕೊಟ್ಟರು. ಅಣ್ಣನನ್ನು ಹಾವು ಹಿಡಿಯುವುದರಿಂದ ಬಿಡಿಸಿ ಒರೆಸುವ ಬಟ್ಟೆ ಕೊಟ್ಟದ್ದೂ ಆಗಲೇ. ಮಂಡಿಯುದ್ದ ನೀರಲ್ಲಿ ಮುಳುಗಿದ ಕುಡುಕನ ಹೆಂಡತಿ ಎಂದು ನಾದಿನಿ ಹನ್ನೊಂದು ವರ್ಷ ಅನ್ನಿಸಿಕೊಂಡಳು.

ಗಂಟಿನ ಮಾತೆತ್ತಿದರೆ ಆ ಹಾವು ಮಾರನೆಯ ದಿನವೇ ಮಣ್ಣು ಸೇರುತ್ತದೆಂದು ಅಜ್ಜನಿಗೆ ಗೊತ್ತಿತ್ತು. ನಾಲಿಗೆ ಕಚ್ಚಿಕೊಂಡು ಕಾದ.

ಈ ವರ್ಷ ಹೊರಗಿನಿಂದ ಹಾವು ಅಳೆಯುವ ಹೆಂಗಸೊಬ್ಬಳು ಬಂದಳು. ಮೂರು ದ್ವೀಪಕ್ಕೂ ತಾನೇ ದೋಣಿಯಲ್ಲಿ ಹೋಗಿಬಂದು ಅಜ್ಜನ ಹತ್ತಿರ ಕೂತಳು.

"ಅಜ್ಜಾ, ಬಂಡೆ ದ್ವೀಪದ ಹಾವಿಗೆ, ಬಂಡೆ ಅಂತ ಚೀಟಿ ಇರೋ ಸೀಸೆಯದಕ್ಕಿಂತ ಎರಡರಷ್ಟು ತಲೆ ಇದೆ. ಕೇಳಿದ್ರೆ, ಸೀಸೆ ಬೆರೆಸಿದ್ದು ಹಾವು ಹಿಡಿಯೋರು ಅಂತಾರೆ ಪ್ರೊಫೆಸರು. ನಾಳೆ ಎಲ್ಲರೆದುರು ಹೇಳ್ತಾರಂತೆ."

ಅಜ್ಜನಿಗೆ ಹೊಸದಾಗಿ ಸಿಟ್ಟು ಬರಲಿಲ್ಲ. ಅದು ಬಂದು ಕೂತು ಹನ್ನೊಂದು ವರ್ಷವಾಗಿತ್ತು.

"ನಾಳೆ ನಿಮ್ಮ ಇಕ್ಕಳ ತನ್ನಿ, ತಾಯಿ" ಎಂದ.

ಮರುದಿನ ಮಧ್ಯಾಹ್ನ ಉದ್ದ ಮೇಜಿನ ಸುತ್ತ ಕಾಲೇಜಿನ ಮೇಲಿನವರೂ ಸೇರಿ ಹನ್ನೆರಡು ಜನ. ತಿಂಗಳೊಪ್ಪತ್ತಿನಲ್ಲಿ ನಿವೃತ್ತಿಯಾಗಲಿದ್ದ ಪ್ರೊಫೆಸರು ಕನ್ನಡಕ ಒರೆಸುತ್ತ, "ತರ್ತಿದ್ದವರು ಓದು ಬರಹ ಇಲ್ಲದವರು. ಅದನ್ನ ಇದಕ್ಕೆ, ಇದನ್ನ ಅದಕ್ಕೆ ಹಾಕಿದ್ರು. ಪಾಪ, ಬಿಡಿ" ಎಂದರು.

"ಓದಿಲ್ಲ, ನಿಜ ಸಾರ್" ಎಂದ ಅಜ್ಜ, ಬಾಗಿಲ ಬಳಿಯಿಂದ. "ಅದಕ್ಕೇ ಗಂಟು ಹಾಕ್ತಿದ್ವಿ."

"ಎಂಥ ಗಂಟು?"

"ಬಾಯೊಳಗೆ. ನೀವು ಹೊಟ್ಟೆ ಎಣಿಸಿದ್ರಿ, ಬಾಯಿ ನೋಡ್ಲಿಲ್ಲ."

ಅಳೆಯುವವಳು ಇಕ್ಕಳದಿಂದ ಒಂದು ಹಾವಿನ ಬಾಯಿ ಬಿಡಿಸಿದಳು. ಚೀಟಿಯಲ್ಲಿ ಬಂಡೆ, ಬಾಯಲ್ಲಿ ಎರಡು ಗಂಟು. ಇನ್ನೊಂದರ ಚೀಟಿಯಲ್ಲಿ ಜೊಂಡು, ಬಾಯಲ್ಲಿ ಮೂರು. ಒಬ್ಬರ ಕುರ್ಚಿ ಕಿರ್‌ ಎಂದಿತು. ಅಷ್ಟರಲ್ಲಿ ಅಜ್ಜ ಮೂಲೆಯ ಸೀಸೆ ತಂದು ಪ್ರೊಫೆಸರ ಮುಂದೆಯೇ ಇಟ್ಟ.

"ಮೂರು" ಎಂದಳು ಅವಳು, ಅದರ ಬಾಯನ್ನೂ ಬಿಡಿಸಿ. "ಆದ್ರೆ ಇವು ಉಲ್ಟಾ ಸುತ್ತಿವೆ. ಎಡಗೈಯವರು ಹಾಕಿರ್ಬೇಕು."

"ನನ್ನ ತಮ್ಮ. ಕುಡಿದವನ ಕೈಯಲ್ಲಿ ಇಷ್ಟು ಸಣ್ಣ ಗಂಟು ಬೀಳುತ್ತಾ, ನೋಡಿ. ಚೀಟಿ ಯಾರ ಕೈಬರಹ ಅನ್ನೋದನ್ನೂ ನೋಡಿ."

ಸೀಸೆ ಕೈಯಿಂದ ಕೈಗೆ ಮೇಜನ್ನು ಸುತ್ತಿ ಬಂತು. ಪ್ರೊಫೆಸರು ತಲೆ ತಗ್ಗಿಸಿ, ಅವನಿಗಷ್ಟೇ ಕೇಳುವಂತೆ, "ನಿನಗೆ ಏನು ಬೇಕಯ್ಯಾ?" ಎಂದರು.

"ಪೆನ್ನು ತಗೊಳ್ಳಿ, ಸಾರ್."

ಅಜ್ಜ ಹೇಳಿದ, ಅವರು ಬರೆದರು. ಕೈ ನಿಂತಾಗಲೆಲ್ಲ ಅಜ್ಜನೂ ನಿಂತು ಕಾದ. ಕಾಯುವುದು ಅವನಿಗೆ ಹೊಸದೇನಲ್ಲ. ಬರೆದದ್ದನ್ನು ಅಳೆಯುವವಳು ಓದಿದಳು: "ಬಂಡೆ ದ್ವೀಪ. ಹಿಡಿದವನು ದಾರದಜ್ಜನ ತಮ್ಮ. ಅವನು ಕುಡಿದಿರಲಿಲ್ಲ. ಕಳಿಸಿದವನು ನಾನು."

"ಇನ್ನೊಂದ್ಸಲ ಓದಿ ತಾಯಿ, ಸ್ವಲ್ಪ ಜೋರಾಗಿ. ನನಗೆ ಅಕ್ಷರ ಬರಲ್ಲ ನೋಡಿ."

ಸಂಜೆ ನಾದಿನಿ ಎಲ್ಲ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಅಂತೂ ಮುಗೀತಲ್ಲ ಭಾವ" ಎಂದಳು.

"ಎಲ್ಲಿ? ಇನ್ನೂ ನಲವತ್ತು ಸೀಸೆ ಇದೆ. ತಪ್ಪು ಚೀಟಿನೆಲ್ಲ ಅವರೇ ಕೂತು ತಿದ್ದಬೇಕಂತೆ, ಮೇಲಿನವರ ಆರ್ಡರು. ಸೀಸೆ ತೆಗೆದುಕೊಡೋದು ನಾನು. ದಿನಕ್ಕೊಂದು ಕೊಡ್ತೀನಿ."

"ಎರಡು ದಿನದ ಕೆಲಸ ಅಲ್ವಾ ಅದು?"

"ಹೌದು" ಎಂದ ಅಜ್ಜ, ಕಾಲು ಚಾಚಿಕೊಂಡು. "ನನಗೇನು ಅವಸರ?"