ಬಾಯಿ ಬಿಟ್ಟ ಕಾಲುಂಗುರ

ನಾನು ಒಂದು ಬೆಳ್ಳಿಯ ಕಾಲುಂಗುರ. ದಾವಣಗೆರೆಯ ಅಕ್ಕಸಾಲಿಯೊಬ್ಬ ಒಂದೇ ತಂತಿಯಿಂದ ನನ್ನನ್ನೂ ನನ್ನ ಜೊತೆಗಾರನನ್ನೂ ಮಾಡಿದ. ತುದಿಗಳನ್ನು ಬೆಸೆದು ಉಜ್ಜಿದ ಮೇಲೆ ನನಗೆ ಎಲ್ಲಿಯೂ ಬಾಯಿ ಉಳಿಯಲಿಲ್ಲ.

ಮದುವೆಯ ದಿನ ಕೊಟ್ರೇಶಿ ನಮ್ಮನ್ನು ಹಾಲಮ್ಮನ ಕಾಲುಗಳಿಗೆ ತೊಡಿಸಿದ, ಎಡಕ್ಕೊಂದು, ಬಲಕ್ಕೊಂದು. ಅವಳು ಕಾಲು ಜೋಡಿಸಿ ಕುಳಿತಾಗ ಮಾತ್ರ ನಾವು ಒಬ್ಬರನ್ನೊಬ್ಬರು ಕಾಣುತ್ತಿದ್ದೆವು. ಮಂಡಕ್ಕಿ ಭಟ್ಟಿಯ ಕೆಲಸದಲ್ಲಿ ಕೂರಲು ಬಿಡುವೆಲ್ಲಿ? ಕೊಟ್ರೇಶಿಗೆ ಲಾರಿ ಓಡಿಸುವ ಕೆಲಸ. ತಿಂಗಳಿಗೊಮ್ಮೆ ಅವನ ಚಪ್ಪಲಿ ಕಂಡರೆ ಹೆಚ್ಚು.

ಹೋದ ವರ್ಷ ಡಾಕ್ಟರು ಹಾಲಮ್ಮನ ಹೃದಯ ದುರ್ಬಲವಾಗಿದೆ ಎಂದರು. ಉಪ್ಪು ಕಡಿಮೆ ಮಾಡಿ, ಕಾಲು ಊದಿದರೆ, ಎರಡು ಮೂರು ದಿನದಲ್ಲೇ ತೂಕ ಏರಿದರೆ, ಮಲಗಿದಾಗ ಉಸಿರು ಕಟ್ಟಿದರೆ ತಡಮಾಡದೆ ಬನ್ನಿ ಎಂದರು. ಅವಳು ತಲೆಯಾಡಿಸಿದಳು.

ಶ್ರಾವಣದಲ್ಲಿ ನಾನು ಬಿಗಿಯಾದೆ. ಮೊದಲು ಸಂಜೆ ಮಾತ್ರ, ಆಮೇಲೆ ಬೆಳಿಗ್ಗೆಯೂ. ಭಟ್ಟಿಯ ಹೆಂಗಸರು ಅವಳು ಮೈ ತುಂಬಿಕೊಂಡಿದ್ದಾಳೆ ಎಂದು ಮೆಚ್ಚಿದರು. ಅವಳಿಗೂ ಖುಷಿಯಾಯಿತು. ಒಂದು ದಿಂಬು ಎರಡಾಯಿತು, ಕೊನೆಗೆ ಗೋಡೆಗೆ ಒರಗಿಯೇ ನಿದ್ದೆ. ತುಂಬಿದ್ದು ಮೈಯಲ್ಲ, ನೀರು ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿರಲಿಲ್ಲ.

ಪಕ್ಕದ ಮನೆಯ ದಿಲ್ಶಾದ್ ಒಂದು ಬೆಳಿಗ್ಗೆ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

"ಮೈ ತುಂಬಿದೋರಿಗೆ ನಾಕು ಮೆಟ್ಲು ಹತ್ತಾಕ ಆಗಂಗಿಲ್ಲೇನು, ಹಾಲಕ್ಕ?" ಎನ್ನುತ್ತಲೇ ಆಟೊ ಹತ್ತಿಸಿದಳು.

ನಮ್ಮ ಬಿಗಿತಕ್ಕೆ ಬೆರಳುಗಳು ನೀಲಿಯಾಗಿದ್ದವು. ಆಸ್ಪತ್ರೆಯಲ್ಲಿ ನರ್ಸ್ ಇಕ್ಕಳ ತಂದಾಗ ಹಾಲಮ್ಮ ಕಾಲು ಹಿಂದಕ್ಕೆಳೆದುಕೊಂಡಳು.

"ನಮ್ಮೋರು ಲಾರಿ ಮ್ಯಾಗದಾರೆ. ಅವರು ಇರೋತನಕ ಇದನ್ನ ತೆಗೀಬ್ಯಾಡ್ರಿ."

"ಅವರು ಬಂದಾಗ ನೀವೂ ಇರ್ಬೇಕಲ್ಲಮ್ಮ."

ಅವಳು ಮುಖ ತಿರುಗಿಸಿ ಕಾಲು ನೀಡಿದಳು. ನನ್ನೊಳಗೆ ಟಕ್ಕೆಂದಿತು.

ಅವಳು ಬದುಕಿದಳು. ನೀರಿಳಿಯಿತು. ಕೊಟ್ರೇಶಿ ಬಂದು ಸಡಿಲವಾದ ಹೊಸ ಜೋಡಿ ಮಾಡಿಸಿದ. ನನ್ನ ಜೊತೆಗಾರ ಅದಕ್ಕಾಗಿ ಕರಗಿದ. ನನ್ನನ್ನು ಮಾತ್ರ ಹಾಲಮ್ಮ ಕೊಡಲಿಲ್ಲ.

ಈಗ ಮಾತ್ರೆ ಡಬ್ಬಿಯೇ ನನ್ನ ಮನೆ. ಬೆಳಿಗ್ಗೆ ಒಂದು ಗಳಿಗೆ ಬೆಳಕು ಕಾಣುತ್ತೇನೆ. ಅವಳು ನನ್ನನ್ನು ಕಾಲ್ಬೆರಳಿಗೆ ತೊಟ್ಟು ಒತ್ತುತ್ತಾಳೆ. ಕತ್ತರಿಸಿದ ತುದಿಗಳು ಕೂಡಿದರೆ ಕಾಲು ಊದಿಲ್ಲವೆಂದು ಮಾತ್ರೆ ನುಂಗಿ ಮುಚ್ಚಳ ಹಾಕುತ್ತಾಳೆ. ಮತ್ತೆ ನಾಳೆಯವರೆಗೆ ಕತ್ತಲು.

ಈ ಮಂಗಳವಾರ ತುದಿಗಳು ಕೂಡಲಿಲ್ಲ. ಅವಳು ಇನ್ನೊಮ್ಮೆ ಒತ್ತಿದಳು. ಆಮೇಲೆ ಚೀಲಕ್ಕೆ ಸೀರೆ ತುರುಕಿ, ಗೋಡೆಯಾಚೆಗೆ ಕೂಗಿದಳು: "ದಿಲ್ಶಾದೂ, ಇದು ಬಾಯಿ ಬಿಡ್ತು ನೋಡೇ. ಆಟೊ ಕರಿ."

ಹಾಗೆ ಹೊರಟೆವು. ಆ ಮಾತು ಕೇಳಲು ನನ್ನ ಜೊತೆಗಾರ ಇರಬೇಕಿತ್ತು.