ನೆಲ ಡೊಂಕು

ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮೇಲೆ ಇಬ್ಬರು, ಕೆಳಗೆ ಇಬ್ಬರು ಹಿಡಿದಿದ್ದರು. ಒಂದು ಮೂಲೆ ಗೋಡೆಗೆ ತಾಗಿ ಸುಣ್ಣ ಉದುರಿತು.

"ಸ್ವಲ್ಪ ಹಿಂದಕ್ಕೆ ತಗೊಳ್ಳಿ."

"ಹಿಂದಕ್ಕೆ ಎಲ್ಲಿ? ನನ್ನ ಬೆನ್ನಿಗೇ ಕಂಬಿ ಒತ್ತುತಾ ಇದೆ."

"ಕೆಳಗಿರೋರು ಹೆಗಲಿಗೆ ಎತ್ಕೊಳ್ಳಿ. ಮೇಲಿರೋರು ಸೊಂಟಕ್ಕಿಳಿಸಿ. ಈಗ ಎಡಕ್ಕೆ ತಿರುಗಿಸಿ, ಬರುತ್ತೆ."

ಹೇಳಿದ್ದು ಯಾರೆಂದು ಹೊತ್ತವರು ನೋಡಲಿಲ್ಲ. ಹೇಳಿದಂತೆ ಮಾಡಿದರು, ಬಂತು. ಮೇಲಿನ ಬಾಗಿಲಲ್ಲಿ ನಿಂತಿದ್ದ, ಸತ್ತವನ ಹೆಂಡತಿಗೆ ಮಾತ್ರ ನೋಡದೆಯೇ ಗೊತ್ತಾಯಿತು. ಒಂಬತ್ತು ವರ್ಷ ಈ ಮನೆಯಲ್ಲಿ ಕೇಳದಿದ್ದ ದನಿ. ಮೆಟ್ಟಿಲ ಬುಡದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸಣ್ಣ ಮೇಸ್ತ್ರಿ ನಿಂತಿದ್ದ.

ಪೆಟ್ಟಿಗೆಯೊಳಗಿದ್ದವನು ದೊಡ್ಡ ಮೇಸ್ತ್ರಿ. ಮೊನ್ನೆ ಸಂಜೆ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಕೆಳಗೆ ಮರಗೆಲಸದ ಕಾರ್ಖಾನೆ, ಮೇಲೆ ಮನೆ. ಇಬ್ಬರೂ ಮೇಸ್ತ್ರಿಗಳು ಸೇರಿ ಇಪ್ಪತ್ತೆರಡು ವರ್ಷ ನಡೆಸಿದ ಕಾರ್ಖಾನೆ ಅದು. ದೊಡ್ಡವನು ಮೂರು ವರ್ಷಕ್ಕೆ ಹಿರಿಯ, ಅಷ್ಟೇ. ಎತ್ತರದಲ್ಲಿ ಸಣ್ಣವನೇ ಒಂದು ಗೇಣು ಹೆಚ್ಚು.

"ಇವನು ಬಂದನಲ್ಲ!" ಎಂದ ಪಕ್ಕದ ಅಂಗಡಿಯ ದರ್ಜಿ, ಮೊಳೆ ಅಂಗಡಿಯವನ ಕಿವಿಯಲ್ಲಿ. "ಈ ಹೊಸ್ತಿಲು ತುಳಿಯಲ್ಲ ಅಂತ ಹೇಳಿ ಹೋಗಿದ್ದ."

"ಸತ್ತೋರ ಹತ್ರ ಎಂಥ ಹಟ ಬಿಡಿ."

"ಬದುಕಿದ್ದಾಗ ಬರಬಹುದಿತ್ತು."

ಸಣ್ಣ ಮೇಸ್ತ್ರಿಗೆ ಕೇಳಿಸಿತು. ಅವನು ಪೆಟ್ಟಿಗೆಯ ಹಿಡಿಕೆಗೆ ಕೈಹಾಕಿದ.

*

ಒಂಬತ್ತು ವರ್ಷದ ಹಿಂದೆ ಊರ ಗ್ರಂಥಾಲಯದ ಬಾಗಿಲಿಗೆ ನಾಲ್ಕು ಕಂಬ ಬೇಕಾಗಿತ್ತು. ಮರದವು, ಒಳಗೆ ಟೊಳ್ಳು, ಎಂಟು ಮುಖ. ಎಂಟು ಹಲಗೆಗಳ ಅಂಚನ್ನು ಓರೆಯಾಗಿ ಕೊಯ್ದು ಸುತ್ತ ಜೋಡಿಸಬೇಕು. ಪ್ರತಿ ಅಂಚೂ ಇಪ್ಪತ್ತೆರಡೂವರೆ ಡಿಗ್ರಿ. ಹೊಸ ಗರಗಸದ ಯಂತ್ರ ಬಂದು ತಿಂಗಳಾಗಿತ್ತಷ್ಟೆ. ಅದರ ಡಿಗ್ರಿ ಪಟ್ಟಿಯ ಮೇಲೆ ಮುಳ್ಳು ನೋಡಿ ಅಲಗನ್ನು ಓರೆ ಮಾಡಿಟ್ಟವನು ದೊಡ್ಡ ಮೇಸ್ತ್ರಿ. ಹಲಗೆ ತಳ್ಳಿ ಕೊಯ್ದವನು ಸಣ್ಣವನು.

ಜೋಡಿಸಿದಾಗ ಏಳು ಸಂದು ಕೂಡಿದವು. ಎಂಟನೆಯದರಲ್ಲಿ ಕಿರುಬೆರಳು ತೂರುವಷ್ಟು ಬಿರುಕು. ನಾಲ್ಕೂ ಕಂಬ ಹಾಗೇ. ಒಳ್ಳೆಯ ತೇಗ, ಅಷ್ಟೂ ಹಾಳು.

ಕಟ್ಟಡದವರು, ಬಣ್ಣದವರು, ಗ್ರಂಥಾಲಯದ ಅಧಿಕಾರಿ ಎಲ್ಲರೂ ಸುತ್ತ ನಿಂತಿದ್ದರು.

"ಯಂತ್ರ ಒಂದ್ಸಲ ನೋಡೋಣ. ಅದರ ಮುಳ್ಳಿನ ಮೇಲೇ ನನಗೆ ಅನುಮಾನ," ಎಂದ ಸಣ್ಣವನು.

ಯಂತ್ರ ದೊಡ್ಡವನು ಆರಿಸಿ ತಂದದ್ದು, ಊರಿಗೆಲ್ಲ ತೋರಿಸಿದ್ದು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದ ದೊಡ್ಡವನು.

ಎಲ್ಲರೂ ನಕ್ಕರು. ಸಣ್ಣವನೂ ಒಂದು ಕ್ಷಣ ನಕ್ಕ. ಆಮೇಲೆ ಕಿವಿಗೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಹಲಗೆಯ ಮೇಲಿಟ್ಟು ನಡೆದುಬಿಟ್ಟ. ಮೂರು ಬೀದಿಯಾಚೆ ತನ್ನದೇ ಕಾರ್ಖಾನೆ ತೆರೆದ. ಎಂಟು ಮುಖದ ಕೆಲಸವನ್ನು ದೊಡ್ಡವನು ಮತ್ತೆ ಒಪ್ಪಿಕೊಳ್ಳಲಿಲ್ಲ. ನೇರ ಕೊಯ್ತ ಯಂತ್ರದಲ್ಲಿ, ಓರೆ ಕೊಯ್ತವೆಲ್ಲ ಕೈಯಲ್ಲಿ. ಹಾಗೇ ಕಾಲ ಹೋಯಿತು.

*

ಮಣ್ಣು ಮಾಡಿ ಬರುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ನೆಂಟರು ಮೇಲೆ ಹೋದರು. ಸಣ್ಣ ಮೇಸ್ತ್ರಿ ಹೋಗಲೂ ಆಗದೆ, ಹತ್ತಲೂ ಆಗದೆ ಕಾರ್ಖಾನೆಯ ಬಾಗಿಲಲ್ಲಿ ನಿಂತ. ದೊಡ್ಡ ಮೇಸ್ತ್ರಿಯ ಮಗಳು ದೀಪ ಹಾಕಿದಳು.

"ಒಳಗೆ ಬನ್ನಿ ಚಿಕ್ಕಪ್ಪ."

ಅವಳು ಲಿಫ್ಟ್ ರಿಪೇರಿ ಮಾಡುವವಳು. ಕೈ ನೋಡಿದರೇ ಗೊತ್ತಾಗುತ್ತಿತ್ತು. ಸಣ್ಣ ಮೇಸ್ತ್ರಿ ಯಂತ್ರದ ಬಳಿ ಹೋದ. ಅದರ ಅಲಗಿಗೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಕರಿ ಡಬ್ಬಿ ಅಂಟಿಕೊಂಡಿತ್ತು.

"ಇದನ್ನ ಕೊಡಿಸಿದ್ದು ನೀನೇನಾ?"

"ಹ್ಞೂಂ. ಡಿಜಿಟಲ್ ಆಂಗಲ್ ಗೇಜು, ಓರೆ ಎಷ್ಟು ಡಿಗ್ರಿ ಅಂತ ಅಂಕೀಲಿ ತೋರಿಸುತ್ತೆ. ನಾವು ದಿನಾ ಬಳಸ್ತೀವಿ. ಅಪ್ಪನಿಗೆ ಕಣ್ಣು ಮಂಜಾಗ್ತಾ ಬಂತಲ್ಲ, ಸಣ್ಣ ಗೆರೆ ಓದೋಕಾಗಲ್ಲ ಅಂತಿದ್ರು."

ಮೇಲಿನಿಂದ ಇಳಿದು ಬಂದ ಹೆಂಡತಿ ಹಲಗೆಗಳ ರಾಶಿಯ ಮೇಲೆ ಕುಳಿತಳು.

*

ನಾಲ್ಕು ತಿಂಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ. "ಈ ಡಬ್ಬಿ ನನಗೆ ಪಾಠ ಹೇಳುತ್ತಾ?" ಎಂದು ನಗುತ್ತಲೇ ದೊಡ್ಡ ಮೇಸ್ತ್ರಿ ಅದನ್ನು ಕೈಗೆ ತೆಗೆದುಕೊಂಡಿದ್ದ.

"ಮೊದಲು ಮೇಜಿನ ಮೇಲಿಟ್ಟು ಸೊನ್ನೆ ಒತ್ತಿ," ಎಂದಳು ಮಗಳು. " ಮೇಜು ಹೇಗೇ ಇರಲಿ, ಅದಕ್ಕೆ ಇದೇ ನೆಲ. ಈಗ ಅಲಗಿಗೆ ಹಚ್ಚಿ. ಅಯಸ್ಕಾಂತ ಇದೆ, ತಾನೇ ಹಿಡ್ಕೊಳ್ಳುತ್ತೆ."

ಕೈಹಿಡಿ ತಿರುಗಿಸಿ ಮುಳ್ಳನ್ನು ಇಪ್ಪತ್ತೆರಡೂವರೆಗೆ ತಂದ. ಎಷ್ಟೋ ಡಿಗ್ರಿಗಳಿರುವಾಗ ಅದಕ್ಕೇ ಯಾಕೆ ತಂದನೋ. ಡಬ್ಬಿ ಇಪ್ಪತ್ತೆರಡು ಎಂದಿತು.

"ಬ್ಯಾಟರಿ ಸರಿ ಇಲ್ಲ."

ಮಗಳು ಬ್ಯಾಟರಿ ಬದಲಿಸಿದಳು. ಮತ್ತೆ ಸೊನ್ನೆ ಒತ್ತಿದ, ಮತ್ತೆ ಹಚ್ಚಿದ. ಇಪ್ಪತ್ತೆರಡು. ಅಲಗಿನ ಹಿಂದೆ, ಮುಂದೆ, ಎಲ್ಲಿ ಹಚ್ಚಿದರೂ ಅಷ್ಟೇ. ಅವನು ಪೆನ್ಸಿಲು ತೆಗೆದು ಲೆಕ್ಕ ಹಾಕಿದ. ಅಂಚಿಗೆ ಅರ್ಧ ಡಿಗ್ರಿ. ಹದಿನಾರು ಅಂಚಿಗೆ ಎಂಟು. ಕಿರುಬೆರಳನ್ನು ಎತ್ತಿ ಬಹಳ ಹೊತ್ತು ನೋಡಿದ.

"ಅವನು ಯಂತ್ರ ನೋಡೋಣ ಅಂದಿದ್ದ ಕಣೇ," ಎಂದ, ಚಹಾ ತಂದ ಹೆಂಡತಿಗೆ. ಚಹಾ ಆರಿಹೋಯಿತು.

ಮರುದಿನ ಡಬ್ಬಿಯನ್ನು ಜೇಬಿಗಿಟ್ಟುಕೊಂಡು ಹೊರಟ. ಮಧ್ಯಾಹ್ನ ಬಂದ. ಎಲ್ಲಿಗೆ ಹೋಗಿದ್ದಿರಿ ಎಂದರೆ, "ಉಣ್ಣೋಕೇನಿದೆ?" ಎಂದ. ಅವಳು ಮತ್ತೆ ಕೇಳಲಿಲ್ಲ.

*

"ನಿನ್ನ ಹತ್ರ ಬಂದಿದ್ರಾ?" ಎಂದು ಈಗ ಕೇಳಿದಳು.

"ಬಂದಿದ್ದ ಅತ್ತಿಗೆ." ಸಣ್ಣ ಮೇಸ್ತ್ರಿ ನೆಲ ನೋಡುತ್ತ ಹೇಳಿದ. "ಕೆಲಸದೋರನ್ನೆಲ್ಲ ಕರಿ ಅಂದ. ನಾನು ಕರೀಲಿಲ್ಲ, ಅವನೇ ಕರೆದ. ಐದು ಜನ. ಈ ಡಬ್ಬಿ ಹೊರಗೆ ತೆಗೆದು, 'ನಾಲ್ಕು ಜನರೆದುರಿಗೆ ಇವನಿಗೆ ಕುಣಿಯೋಕೆ ಬರಲ್ಲ ಅಂದಿದ್ದೆ. ಇವನ ಕಾಲು ಸರಿಯಾಗೇ ಇತ್ತು. ನೆಲಾನೇ ಡೊಂಕು. ಅದು ನನ್ನ ನೆಲ' ಅಂದ."

"ನೀವೇನಂದ್ರಿ ಚಿಕ್ಕಪ್ಪ?"

"ಏನೂ ಅನ್ಲಿಲ್ಲ ಮಗಾ. ಮರ ಹೆರೀತಾನೇ ಇದ್ದೆ. ಸ್ವಲ್ಪ ಹೊತ್ತು ನಿಂತ. ಆಮೇಲೆ, 'ಬರ್ತೀನಿ' ಅಂದ. 'ಹ್ಞೂಂ' ಅಂದೆ. ಕೂತ್ಕೋ ಅನ್ನೋಕೂ ಬಾಯಿ ಬರ್ಲಿಲ್ಲ. ನಾಳೆ ಹೋಗೋಣ, ಬರೋ ವಾರ ಹೋಗೋಣ ಅಂತ ನಾಲ್ಕು ತಿಂಗಳು ತಳ್ಳಿದೆ. ಆ ಹ್ಞೂಂ ಅನ್ನೋದನ್ನೇ ಕಿವೀಲಿಟ್ಕೊಂಡು ಹೋದನಲ್ಲ ಅತ್ತಿಗೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವತ್ತು ಸೋಮವಾರ," ಎಂದಳು. "ಎರಡು ಸಲ ಬಡಿಸ್ಕೊಂಡ್ರು. ಆಮೇಲೆ ಇಲ್ಲೇ, ಈ ಹಲಗೆ ಮೇಲೇ ಅಡ್ಡಾದ್ರು. ಹಗಲು ಮಲಗೋ ಮನುಷ್ಯ ಅಲ್ಲ, ಏನೋ ಆಯ್ತು ಅಂತ ನಾನು ಓಡಿ ಬಂದ್ರೆ ಗೊರಕೆ. ಸಂಜೆ ಐದರವರೆಗೆ. ಗಿರಾಕಿಗಳು ಬಂದು ಕೇಳಿಸಿಕೊಂಡು ವಾಪಸ್ ಹೋದ್ರು."

"ಗೊರಕೆ," ಎಂದ ಸಣ್ಣ ಮೇಸ್ತ್ರಿ. "ಮೊದಲು ಇಬ್ರೂ ಇಲ್ಲೇ ಮಲಗ್ತಿದ್ವಲ್ಲ. ನಿದ್ದೆ ಮಾಡೋಕೆ ಬಿಡ್ತಿರಲಿಲ್ಲ ಪುಣ್ಯಾತ್ಮ." ಗಂಟಲಿನಿಂದ ಆ ಸದ್ದು ಮಾಡಿ ತೋರಿಸಿದ, ಒಣ ಮರಕ್ಕೆ ಗರಗಸ ಎಳೆದಂತೆ.

"ಹಾಗಲ್ಲ," ಎಂದಳು ಅವಳು. "ಕೊನೇಗೊಂದು ಸೀಟಿ ಬರುತ್ತೆ."

"ಸೀಟಿ ನಿಮ್ಮ ಕಾಲಕ್ಕೆ ಸೇರಿಸ್ಕೊಂಡಿರಬೇಕು."

ಅವಳು ಸೀಟಿ ಸೇರಿಸಿ ಮಾಡಿ ತೋರಿಸಿದಳು. ಅವನು ಅದನ್ನು ಅನುಸರಿಸಿ ಮಾಡಿದ, ತಪ್ಪಾಯಿತು, ಅವಳು ಮತ್ತೆ ತಿದ್ದಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವನು ಯಂತ್ರದ ಮೇಜನ್ನು ಹಿಡಿದುಕೊಂಡು ಬಗ್ಗಿ ನಗುತ್ತಿದ್ದ, ಕಣ್ಣಿನಿಂದ ನೀರು ಮರದ ಹೊಟ್ಟಿನ ಮೇಲೆ ಬೀಳುತ್ತಿತ್ತು.

ಮೇಲೆ ಕುರ್ಚಿ ಸರಿದ ಸದ್ದಾಯಿತು. "ಯಾರದು, ನಗ್ತಿರೋದು?" ಎಂದು ಯಾರೋ ಮೆಟ್ಟಿಲು ಇಳಿಯತೊಡಗಿದರು. ಮಗಳು ಹೋಗಿ ಕಾರ್ಖಾನೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.