ನೋಯದ ಮಂಡಿ

ಸಂಜೆಯ ಊಟ ಮುಗಿಸಿ ಹೆಂಗಸರೆಲ್ಲ ಯಾಂಗ್ಟ್ಸೆ ನದಿಯ ದಡದ ಕಲ್ಲುಹಾಸಿನ ಮೇಲೆ ಕುಣಿಯಲು ಸೇರಿದಾಗ ತಿಯಾಮಿಕೆ ಯಾವಾಗಲೂ ಕೊನೆಯ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕುಣಿತ ಅವಳಿಗೆ ಅಷ್ಟಕ್ಕಷ್ಟೆ. ಎಲ್ಲರೂ ಎಡಕ್ಕೆ ತಿರುಗಿದಾಗ ಅವಳು ಬಲಕ್ಕೆ ತಿರುಗಿ, ಪಕ್ಕದವರಿಗೆ ಎದುರುಬದುರಾಗಿ ನಿಂತುಬಿಡುತ್ತಿದ್ದಳು.

ಆಫ್ರಿಕಾದ ಮಲಾವಿಯಿಂದ ಚೀನಾದ ಈಚಾಂಗ್‌ಗೆ ಬಂದ ಮೇಲೆ ಇದು ಎರಡನೆಯ ಚಳಿಗಾಲ. ಅವಳ ಊರಿಗೆ ರಸ್ತೆ ಹಾಕಲು ಬಂದು ಅವಳನ್ನು ಮದುವೆಯಾದ ತಾನ್ ಈಗ ದೂರದಲ್ಲೆಲ್ಲೋ ಸೇತುವೆಯ ಕೆಲಸದ ಮೇಲಿರುತ್ತಾನೆ. ಭಾನುವಾರ ಬರುತ್ತಾನೆ. ಉಳಿದ ದಿನಗಳಲ್ಲಿ ಅವಳ ಪಾಲಿನ ಚೀನೀ ಮಾತೆಲ್ಲ ಆ ಕೊನೆಯ ಸಾಲಿನದೇ. ಸೊಸೆಯ ದೂರು, ಮೂಲಂಗಿಯ ರೇಟು, ಯಾರ ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲ ಎಂಬ ಸುದ್ದಿ. ಕೈ ಬೀಸುತ್ತಲೇ ಅವರು ಮಾತಾಡುತ್ತಿದ್ದರು, ನಡುವೆ ಅವಳೂ ಒಂದು ಮಾತು ಸೇರಿಸುತ್ತಿದ್ದಳು. ತಪ್ಪಾದರೆ ಪಕ್ಕದ ಫಾಂಗ್ ಅಕ್ಕ ತಿದ್ದಿ ಮುಂದಿನ ಹೆಜ್ಜೆ ಹಾಕುತ್ತಿದ್ದಳು. ತಿಯಾಮಿಕೆ ಅತಿಥಿಯಾಗಿರದ ಜಾಗ ಊರಿನಲ್ಲಿ ಅದೊಂದೇ.

ಚಿಯಾವ್ ಅಕ್ಕ ಗುಂಪಿನ ಮುಖ್ಯಸ್ಥೆ. ಬಟ್ಟೆ ಮಿಲ್ಲಿನಲ್ಲಿ ಮೇಲ್ವಿಚಾರಕಿಯಾಗಿದ್ದ ಗತ್ತು ನಿವೃತ್ತಿಯಾದರೂ ಹೋಗಿರಲಿಲ್ಲ. ಒಂದು ಸಂಜೆ ಅವಳು ಹಾಡು ನಿಲ್ಲಿಸಿದಳು.

"ಜಿಲ್ಲಾ ಸ್ಪರ್ಧೆಗೆ ಹೆಸರು ಕೊಟ್ಟಿದೀನಿ. ತಿಯಾ, ನೀನು ಮುಂದಿನ ಸಾಲು, ನಟ್ಟನಡುವೆ. ಕೆಂಪು ಅಂಗಿ ನಿಂಗೆ ಚೆನ್ನಾಗಿ ಒಪ್ಪುತ್ತೆ. ಆಫ್ರಿಕಾದವರಿಗೆ ಕುಣಿತ ರಕ್ತದಲ್ಲೇ ಇರುತ್ತೆ."

"ಇವಳ ರಕ್ತ ಇನ್ನೂ ಕಾಲಿಗೆ ಇಳಿದಿಲ್ಲ ಕಣೆ," ಎಂದಳು ಫಾಂಗ್ ಅಕ್ಕ. ಎಲ್ಲರೂ ನಕ್ಕರು.

ತಿಯಾಮಿಕೆಗೆ ನಗು ಬರಲಿಲ್ಲ. ಮುಂದಿನ ಸಾಲಿನಲ್ಲಿ ಮಾತಿರುವುದಿಲ್ಲ, ಫೋಟೋ ಇರುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಅವಳನ್ನು ದಿನವೂ ದಿಟ್ಟಿಸಿ ನೋಡುತ್ತಾರೆ. ಸಂಜೆಯಾದರೂ ಯಾರ ಕಣ್ಣಿಗೂ ಬೀಳದೆ ಇರಬೇಕೆನ್ನುವುದು ಅವಳ ಆಸೆ.

"ನಾನು ಬರಲ್ಲ ಅಕ್ಕ. ನಂಗೆ ಇಷ್ಟ ಇಲ್ಲ," ಎಂದಳು. ಚೀನೀ ಉಚ್ಚಾರದ ಒಂದು ಸ್ವರವೂ ತಪ್ಪಲಿಲ್ಲ.

ಚಿಯಾವ್ ಅಕ್ಕ "ಆಗ್ಲಿ, ಆಗ್ಲಿ" ಎಂದು ನಕ್ಕು ಹಾಡು ಹಾಕಿದಳು.

ಮರುದಿನ ಕೊನೆಯ ಸಾಲಿನಲ್ಲಿ ತಿಯಾಮಿಕೆಯ ಜಾಗ ಹಾಗೇ ಇತ್ತು, ಹರಟೆ ಮಾತ್ರ ಇರಲಿಲ್ಲ. ಅತಿಥಿಯನ್ನು ಕೇಳುವ ಹಾಗೆ ಊಟ ಆಯಿತೇ ಎಂದು ಎಲ್ಲರೂ ವಿಚಾರಿಸಿದರು. ಫ್ಲಾಸ್ಕಿನ ಬಿಸಿನೀರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವಳಿಗೆ.

ಮನೆಗೆ ಹೋಗುವ ದಾರಿಯಲ್ಲಿ ಫಾಂಗ್ ಅಕ್ಕ ಕಿತ್ತಳೆ ಸುಲಿಯುತ್ತ ಬಾಯಿಬಿಟ್ಟಳು. "ಎಲ್ಲರೆದುರಿಗೆ ಅವಳ ಮರ್ಯಾದೆ ತೆಗೆದೆ."

"ಅವರು ಕೇಳಿದ್ರು, ನಾನು ಹೇಳ್ದೆ. ಸುಳ್ಳು ಹೇಳ್ಬೇಕಿತ್ತಾ?"

"ಮಂಡಿ ನೋವು ಅನ್ಬೇಕಿತ್ತು."

"ನಂಗೆ ಮಂಡಿ ನೋವಿಲ್ಲ."

"ನಿನ್ನ ಮಂಡಿ ಯಾರಿಗೆ ಬೇಕಾಗಿದೆ ಕಣಮ್ಮ. ನೋವಿಲ್ಲ ಅಂತ ಅವಳಿಗೂ ಗೊತ್ತಿರುತ್ತೆ. ಹತ್ತಿ ನಿಂತವಳಿಗೆ ಮರ್ಯಾದೆಯಾಗಿ ಇಳಿಯೋಕೆ ಒಂದು ಮೆಟ್ಟಿಲು ಬೇಕು, ಅಷ್ಟೆ."

ಮನೆಯಲ್ಲಿ ತಿಯಾಮಿಕೆ ಗೋಡೆಗೆ ಮುಖ ಮಾಡಿ "ನನ್ನ ಮಂಡಿ ನೋಯುತ್ತಿದೆ" ಎಂದು ಹೇಳಿ ನೋಡಿದಳು. ಉಚ್ಚಾರ ಸರಿಯಿತ್ತು, ಆದರೆ ನಾಲಿಗೆ ಭಾರವೆನಿಸಿತು. ಅವಳ ಅಪ್ಪ ಚರ್ಚಿನ ಹಿರಿಯ. ಸುಳ್ಳಾಡಿದ ಮಕ್ಕಳು ಊಟಕ್ಕೆ ಮುಂಚೆ ಎದ್ದು ನಿಂತು ಅದನ್ನು ಒಪ್ಪಿಕೊಳ್ಳಬೇಕಾಗಿತ್ತು. ಹಾಗೆ ಎದ್ದು ನಿಂತ ಊಟಗಳನ್ನು ನೆನೆಯುತ್ತಿದ್ದವಳಿಗೆ ಅಮ್ಮ ನೆನಪಾದಳು. ನೆಂಟರು ಬಂದು ಪಾತ್ರೆಯಲ್ಲಿ ಮೆಕ್ಕೆಜೋಳದ ಮುದ್ದೆ ಕಡಿಮೆಯಾದ ದಿನ ಅಮ್ಮ ಒಲೆಯ ಬಳಿಯಿಂದಲೇ "ನಂದು ಆಗಲೇ ಆಯ್ತು, ನೀವು ಉಣ್ಣಿ" ಎನ್ನುತ್ತಿದ್ದಳು. ಅದು ಸುಳ್ಳೆಂದು ಅಪ್ಪನಿಗೆ ಗೊತ್ತಿತ್ತು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಅಮ್ಮನನ್ನು ಯಾರೂ ಎದ್ದು ನಿಲ್ಲು ಎನ್ನಲಿಲ್ಲ.

ಬೆಳಿಗ್ಗೆ ತರಕಾರಿ ಮಾರುಕಟ್ಟೆಯಲ್ಲಿ ಫಾಂಗ್ ಅಕ್ಕ ಸಿಕ್ಕಳು.

"ನಂಗೆ ಎಡ ಮಂಡಿ ನೋವು ಅಂತ ಅವರಿಗೆ ಹೇಳಿಬಿಡಿ ಅಕ್ಕ."

"ಸದ್ಯ, ಬುದ್ಧಿ ಬಂತು," ಎಂದು ಫಾಂಗ್ ಅಕ್ಕ ಸೊಪ್ಪಿನ ಕಟ್ಟನ್ನು ಕಂಕುಳಿಗೆ ಸೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲರಿಗೂ ತಲುಪಿತ್ತು.

ಸಂಜೆ ಹಾಡು ಹಾಕುವ ಮುಂಚೆ ಚಿಯಾವ್ ಅಕ್ಕ ಸಾಲುಗಳನ್ನು ಸೀಳಿಕೊಂಡು ಹಿಂದಕ್ಕೆ ಬಂದಳು. "ನೋವಿದ್ರೆ ಮೊದಲೇ ಬಾಯಿಬಿಟ್ಟು ಹೇಳೋದಲ್ವಾ ಹುಚ್ಚಿ. ಕೂತ್ಕೋ," ಎಂದಳು, ಎಲ್ಲರಿಗೂ ಕೇಳುವ ಹಾಗೆ. ಚೀಲದಿಂದ ಕರ್ಪೂರದ ವಾಸನೆಯ ಔಷಧಿಪಟ್ಟಿ ಹೊರಬಂತು. ತಿಯಾಮಿಕೆ ಕಲ್ಲುಕಟ್ಟೆಯ ಮೇಲೆ ಕುಳಿತು ಪ್ಯಾಂಟನ್ನು ಮೇಲಕ್ಕೆ ಸರಿಸಿದಳು, ಬಲಗಾಲಿನದು.

ಫಾಂಗ್ ಅಕ್ಕ ಕೆಮ್ಮಿದಳು.

ಚಿಯಾವ್ ಅಕ್ಕ ಮಂಡಿಯನ್ನು ನೋಡಿದಳು, ಮುಖವನ್ನು ನೋಡಿದಳು. ಆಮೇಲೆ ಪಟ್ಟಿ ಬಿಡಿಸಿ ಆ ಮಂಡಿಗೇ ಅಂಟಿಸಿ, ಅಂಗೈಯಿಂದ ಒತ್ತಿ ಹಿಡಿದಳು.

"ಈ ಚಳೀಲಿ ನೋವು ಒಂದು ಕಾಲಿಂದ ಇನ್ನೊಂದಕ್ಕೆ ಓಡಾಡುತ್ತೆ. ಸ್ಪರ್ಧೆ ಮುಗಿಯೋವರೆಗೂ ಮುಂದೆ ಬರಬೇಡ. ಇಲ್ಲೇ ಇರು."

"ನಂಗೂ ತುಂಬಾ ಆಸೆ ಇತ್ತು ಅಕ್ಕ," ಎಂದಳು ತಿಯಾಮಿಕೆ. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಚಿಯಾವ್ ಅಕ್ಕನ ತುಟಿ ಸಡಿಲವಾಯಿತು. ಮಂಡಿಗೆ ಮೆಲ್ಲಗೊಂದು ಏಟು ಕೊಟ್ಟು ಎದ್ದಳು.

ಹಾಡು ಶುರುವಾಗುತ್ತಲೇ ತಿಯಾಮಿಕೆ ಎದ್ದು ತನ್ನ ಜಾಗದಲ್ಲಿ ನಿಂತಳು, ಕೊನೆಯ ಸಾಲು ಬಾಯಿ ಬಿಟ್ಟಿತು. ಶುಂಠಿ ಹಚ್ಚು ಅಂದಳೊಬ್ಬಳು, ತಣ್ಣೀರು ಮುಟ್ಟಲೇಬೇಡ ಅಂದಳು ಇನ್ನೊಬ್ಬಳು. ಮತ್ತೊಬ್ಬಳು ತನ್ನ ಅತ್ತೆಯ ಮಂಡಿಯಿಂದ ಆರಂಭಿಸಿ ಅತ್ತೆಯ ನಾಲಿಗೆಗೆ ಬಂದಳು. ಪಟ್ಟಿಯ ಕೆಳಗೆ ಆರೋಗ್ಯವಾಗಿದ್ದ ಮಂಡಿ ಬೆಚ್ಚಗಾಗುತ್ತಿತ್ತು.

"ಸ್ವಲ್ಪ ಕುಂಟೇ," ಎಂದು ಫಾಂಗ್ ಅಕ್ಕ ಪಿಸುಗುಟ್ಟಿದಳು.

"ಯಾವ ಕಾಲು ಅಕ್ಕ?"